ಅಸ್ಸಿಯ ಆಚೆ ಒಂದು ದಿನ

ಮಠದ ಕಚೇರಿಯ ಗೋಡೆಗೆ ಈಗ ಅಜ್ಜಿಯ ಫೋಟೊ ಹಾಕಿದ್ದಾರೆ. ಕೆಳಗೆ ‘ನೂರಾ ಹನ್ನೆರಡು ವರ್ಷ ಬಾಳಿದ ತಾಯಿ’ ಎಂದು ಬರೆಸಿದ್ದಾರೆ. ಆ ಹನ್ನೆರಡು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಅವಳ ಆಧಾರ್ ಕಾರ್ಡಿನ ಪ್ರಕಾರ ಅವಳಿಗೆ ತೊಂಬತ್ತೂ ಆಗಿರಲಿಲ್ಲ. ಕಾರ್ಡು ಮಾಡುವವನು ಅವಳು ಹೇಳಿದ ವಯಸ್ಸನ್ನು ನಂಬದೆ, ತನಗೆ ತೋಚಿದ ಒಂದು ವರ್ಷ ಹಾಕಿ, ಹುಟ್ಟಿದ ದಿನ ಜನವರಿ ಒಂದು ಎಂದು ಮುಗಿಸಿದ್ದ. ಅವಳದೇ ಲೆಕ್ಕ ಬೇರೆ. “ದೊಡ್ಡ ಜ್ವರ ಬಂದು ಮಂದಿ ಸತ್ರಲ್ಲ, ಆಗ ನಾ ಮೊಲಿ ಬಿಟ್ಟು ರೊಟ್ಟಿ ತಿನ್ನಾಕ ಹತ್ತಿದ್ದೆ” ಅನ್ನುತ್ತಿದ್ದಳು. ಆ ಜ್ವರ ಪಠ್ಯಪುಸ್ತಕದಲ್ಲಿ ಬರುವ ಸಾವಿರದ ಒಂಬೈನೂರ ಹದಿನೆಂಟರ ಜ್ವರವೇ ಆಗಿದ್ದರೆ ಅವಳು ನೂರು ದಾಟಿ ಕೆಲವು ವರ್ಷ ಬದುಕಿದಳು. ಬೇರೆ ಯಾವುದೋ ಜ್ವರವಾಗಿದ್ದರೆ ಗೊತ್ತಿಲ್ಲ. ಫೋಟೊದಲ್ಲಿ ಅವಳು ನಗುತ್ತಿಲ್ಲ. ನನ್ನ ನೆನಪಿನಲ್ಲಿ ಯಾವಾಗಲೂ ನಗುತ್ತಿರುತ್ತಾಳೆ. ಇವೆರಡರಲ್ಲಿ ಫೋಟೊವನ್ನೇ ನಂಬುವುದು ಮೇಲು.

ನಾನು ಈ ಊರಿಗೆ, ಕಾಶಿಗೆ, ಬಂದು ಇಪ್ಪತ್ತು ವರ್ಷದ ಮೇಲಾಯಿತು. ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರ ಕಲಿಸುವ ಕೆಲಸ. ಮೊದಲ ವರ್ಷ ವಾರಪೂರ್ತಿ ಕನ್ನಡ ಮಾತಾಡಲು ಯಾರೂ ಇರಲಿಲ್ಲ. ದಶಾಶ್ವಮೇಧದ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮ ಕಡೆಯ ಮಠ ಇದೆ, ಭಾನುವಾರ ರೊಟ್ಟಿ ಊಟ ಹಾಕುತ್ತಾರೆ ಎಂದು ಯಾರೋ ಹೇಳಿದರು. ಮೈಸೂರು ಕಡೆಯವನಾದ ನನಗೆ ಜೋಳದ ರೊಟ್ಟಿಯ ಆಸೆಯೇನೂ ಇರಲಿಲ್ಲ. ಮಾತಿನ ಆಸೆಗೆ ಹೋದೆ. ಗಲ್ಲಿಯ ತಿರುವಿನಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಸುತ್ತಲೂ ಗಂಟೆ, ಹಾರ್ನ್, ಬದಿಗೆ ಸರಿಯಿರಿ ಎಂದು ಕೂಗುವ ಬೈಕಿನವರು. ನಡುವೆ ಒಂದೇ ಲಯದಲ್ಲಿ ಪಟಪಟ.

ಅಡುಗೆಮನೆಯ ಬಾಗಿಲಿಗೆ ಎದುರಾಗಿ ಅಜ್ಜಿ ಕುಳಿತಿದ್ದಳು. ಎಂಬತ್ತರ ಮೇಲಾಗಿತ್ತು ಆಗಲೇ. ಕೈಗಳು ಮಾತ್ರ ಬೇರೆ ಯಾರವೋ ಎನ್ನುವ ಹಾಗೆ ಗಟ್ಟಿಮುಟ್ಟಾಗಿದ್ದವು.

“ಯಾವ ಊರಾಂವೋ ತಮ್ಮಾ?”

“ಮೈಸೂರು ಕಡೆ, ಅಜ್ಜಿ.”

“ಅಯ್ಯ, ಅಕ್ಕಿ ಮಂದಿ! ರೊಟ್ಟಿ ಮುರ್ಯಾಕರ ಬರ್ತೈತೇನು ನಿನಗ?”

ಈ ಮಾತನ್ನು ಅವಳು ನನಗಲ್ಲ, ನನ್ನ ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬನಿಗೆ ಹೇಳಿದ್ದಿರಬಹುದು. ವರ್ಷಗಳು ಕಳೆದಂತೆ ನನ್ನದಾಗಿಸಿಕೊಂಡಿದ್ದೇನೆ. ರೊಟ್ಟಿಯನ್ನು ಮುರಿಯಲು ಬಾರದೆ ಚಪಾತಿಯ ಹಾಗೆ ಎಳೆದದ್ದು ಮಾತ್ರ ನಾನೇ.

ಊರಿನಿಂದ ಯಾತ್ರೆಗೆ ಬರುವ ಬಸ್ಸಿನವರು ಮಠಕ್ಕೆ ಜೋಳದ ಚೀಲ ತರುತ್ತಿದ್ದರು. ಜೋಳ ಮುಗಿದರೆ ಇಲ್ಲಿಯ ಸಜ್ಜೆ. ಅವಳು ಹಿಟ್ಟನ್ನು ಮೂಸಿ ನೋಡಿ ಇದು ಯಾವ ಕಡೆಯ ಜೋಳ ಎಂದು ಹೇಳುತ್ತಿದ್ದಳು. ನಿಜವೋ ಸುಳ್ಳೋ ಪರೀಕ್ಷಿಸಿದವರಿಲ್ಲ. ಊಟ ಮುಗಿದ ಮೇಲೆ ಅವಳ ಬಳಿ ಕೂರುವುದು ನನ್ನ ಅಭ್ಯಾಸವಾಯಿತು. ಮದುವೆಯಾದ ಮೇಲೆ ಹೆಂಡತಿಯೂ, ಆಮೇಲೆ ಮಗಳೂ. ಇಲ್ಲೇ ಹುಟ್ಟಿದ ಮಗಳು ಅವಳನ್ನು ಹಿಂದಿಯವರ ಹಾಗೆ ದಾದಿ ಎನ್ನುತ್ತಿದ್ದಳು. “ದಾದಿ ಅಲ್ಲ, ಅಜ್ಜಿ ಅನ್ನು. ಇಲ್ಲಾಂದ್ರ ಬೆಣ್ಣಿ ಇಲ್ಲ” ಎಂದು ಅಜ್ಜಿ ರೊಟ್ಟಿಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದಳು. ಆ ಮಗುವಿಗೆ ಬಂದ ಮೊದಲ ಕನ್ನಡ ಪದ ಬೆಣ್ಣಿ.

ಅವಳ ಬದುಕನ್ನು ನಾನು ತುಂಡುತುಂಡಾಗಿ ಕೇಳಿದ್ದು. ನೇಕಾರರ ಊರು. ಐದು ವರ್ಷಕ್ಕೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಕೂರಿಸಿದರು. ಹತ್ತಕ್ಕೆ ಇನ್ನೊಂದು ಮಗ್ಗದ ಮನೆಗೆ ಮದುವೆ ಮಾಡಿಕೊಟ್ಟರು, ಅಲ್ಲೂ ಕಂಡಿಕೆಯೇ. ಅವರ ಮನೆಯಲ್ಲಿ ಖಣ ನೇಯುತ್ತಿದ್ದರು, ಆದರೆ ಹೊಸ ಖಣದ ಕುಪ್ಪಸ ಅವಳಿಗೆ ಸಿಕ್ಕಿದ್ದು ಎರಡೇ ಸಲ. ಗಂಡ ಕೆಮ್ಮಿ ಕೆಮ್ಮಿ ಸತ್ತ. ಮಕ್ಕಳೆಷ್ಟು ಎಂದು ಕೇಳಿದಾಗ ಒಮ್ಮೆ ಎರಡು ಎಂದಳು, ಇನ್ನೊಮ್ಮೆ ಒಂದು. ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅವಳಿಗೇ ತೀರ್ಮಾನವಾಗಿರಲಿಲ್ಲ ಎಂದು ಕಾಣುತ್ತದೆ. ಯಾವುದೂ ಉಳಿಯಲಿಲ್ಲ.

ಕಾಶಿಗೆ ಬಂದದ್ದು ಅವಳ ಆಸೆಯಿಂದಲ್ಲ, ಅತ್ತೆಯ ಆಸೆಯಿಂದ. ಅತ್ತೆಗೆ ಕಾಶಿಯಲ್ಲೇ ಸಾಯಬೇಕಿತ್ತು. ಸೊಸೆ ಜೊತೆಗೆ ಬಂದಳು. ಇಬ್ಬರ ಹೊಟ್ಟೆಗೆ ಬೇಕಲ್ಲ ಎಂದು ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಸೇರಿಕೊಂಡಳು. ಅತ್ತೆ ದಿನಾ ಗಂಗೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ ಬಂದು, ಇವತ್ತೂ ಸಾಯಲಿಲ್ಲ ಎಂದು ಊಟಕ್ಕೆ ಕೂರುತ್ತಿದ್ದಳಂತೆ. ಹೀಗೆ ಹನ್ನೊಂದು ವರ್ಷ. ಹನ್ನೆರಡನೆಯ ವರ್ಷ ಊರಿನಲ್ಲಿ ಮೊಮ್ಮಗಳ ಮದುವೆ. ಹದಿನೈದು ದಿನಕ್ಕೆ ಹೋಗಿಬರುತ್ತೇನೆ ಎಂದು ರೈಲು ಹತ್ತಿದವಳು, ಮದುವೆಯ ಮರುದಿನ, ಕೈಯಲ್ಲಿ ಲಾಡು ಹಿಡಿದುಕೊಂಡೇ ಅಲ್ಲೇ ತೀರಿಹೋದಳು.

“ಹನ್ನೊಂದು ವರ್ಷ ಕಾದಾಕಿ” ಎಂದು ಅಜ್ಜಿ ಹೇಳುತ್ತಿದ್ದಳು. “ಹದಿನೈದು ದಿನ ತಡಕೊಳ್ಳಾಕ ಆಗ್ಲಿಲ್ಲ ನೋಡು.” ಹೇಳಿ ನಗುತ್ತಿದ್ದಳು. ಆದರೆ ಆ ಸುದ್ದಿಯ ಕಾಗದ ಬಂದ ದಿನವೇ ಅವಳು ದಶಾಶ್ವಮೇಧಕ್ಕೆ ಹೋಗಿ, ನೀರಿನಲ್ಲಿ ನಿಂತು, ಒಬ್ಬ ಮುದಿ ಪುರೋಹಿತನ ಎದುರು ಅಂಗೈಯಲ್ಲಿ ನೀರು ಹಿಡಿದು ಸಂಕಲ್ಪ ಮಾಡಿದಳು: ಸಾಯುವ ತನಕ ಕ್ಷೇತ್ರದ ನೆಲ ಬಿಡುವುದಿಲ್ಲ. ಉತ್ತರಕ್ಕೆ ವರುಣಾ ಹೊಳೆ ದಾಟಬಾರದು, ದಕ್ಷಿಣಕ್ಕೆ ಅಸ್ಸಿ ಹೊಳೆ ದಾಟಬಾರದು, ಪೂರ್ವಕ್ಕೆ ಗಂಗೆ. ಪಶ್ಚಿಮಕ್ಕೆ ಎಂದು ನಾನು ಕೇಳಿದ್ದೆ. “ಅತ್ತಾಗ ಟೇಸನ್ ಐತಿ. ಟೇಸನ್ನಿಗೆ ನಾ ಯಾಕ ಹೋಗ್ಲಿ?”

ಗಂಗೆಯ ಆಚೆ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆ ಎಂಬ ಮಾತು ಈ ಊರಿನಲ್ಲಿದೆ; ಅವಳಿಗೆ ಅಸ್ಸಿಯ ಆಚೆಯೂ ಹಾಗೆಯೇ. ದೋಣಿಯಲ್ಲಿ ಕೂತವಳೇ ಅಲ್ಲ ಅವಳು. ನಡುನೀರಿನಲ್ಲಿ ಪ್ರಾಣ ಹೋದರೆ ಅರ್ಧ ಕತ್ತೆಯೋ ಪೂರ್ತಿ ಕತ್ತೆಯೋ ಎಂದು ಮಠದ ವ್ಯವಸ್ಥೆ ನೋಡಿಕೊಳ್ಳುವ ಅಯ್ಯನವರನ್ನು ಕಾಡುತ್ತಿದ್ದಳು.

ನಾನಿರುವ ವಿಶ್ವವಿದ್ಯಾಲಯ ಅಸ್ಸಿಯ ಆಚೆ. ಅಂದರೆ ಅವಳ ಲೆಕ್ಕದಲ್ಲಿ ನಾನು ಕಾಶಿಯಲ್ಲಿ ಇಲ್ಲವೇ ಇಲ್ಲ. “ವಾರಕ್ಕೊಮ್ಮೆ ಕಾಶಿಗೆ ಬರ್ತೀ, ಪುಣ್ಯವಂತ” ಎಂದು ಹಂಗಿಸುತ್ತಿದ್ದಳು. ಅಸ್ಸಿ ಒಂದು ಕಾಲಕ್ಕೆ ನದಿಯಾಗಿತ್ತಂತೆ. ಈಗ ಅದು ಮನೆಗಳ ಹಿಂದೆ ಹರಿಯುವ ಕಪ್ಪು ಚರಂಡಿ. ಅದರ ಮೇಲಿನ ಪುಲಿಯಾ, ಅಂದರೆ ಮೋರಿಯಂಥ ಸಣ್ಣ ಸೇತುವೆ, ದಾಟುವಾಗ ಯಾರೂ ತಲೆ ತಿರುಗಿಸಿಯೂ ನೋಡುವುದಿಲ್ಲ.

ಅವಳ ಕಣ್ಣು ಹೋಗುತ್ತಿದೆ ಎಂಬುದು ನಮಗೆ ತಡವಾಗಿ ತಿಳಿಯಿತು. ಅವಳು ರೊಟ್ಟಿಯನ್ನು ನೋಡಿ ಮಾಡುತ್ತಲೇ ಇರಲಿಲ್ಲವಲ್ಲ. ಒಂದು ದಿನ ರೊಟ್ಟಿಯ ಹಲಗೆ ಎಂದುಕೊಂಡು ಕಾದ ಒಲೆಯ ಅಂಚಿನ ಮೇಲೆ ಅಂಗೈ ಊರಿದಳು. ಅಯ್ಯನವರು ಅವಳನ್ನು ಅಡುಗೆಮನೆಯಿಂದ ಬಿಡಿಸಿದರು. ಹೊಸದಾಗಿ ಬಂದ ಅಡುಗೆಯವನು ಲಟ್ಟಣಿಗೆಯಲ್ಲಿ ಗೋಧಿ ರೊಟ್ಟಿ ಮಾಡತೊಡಗಿದ. ಅಜ್ಜಿ ಅಂಗಳದ ಮೂಲೆಯಲ್ಲಿ ಕೂತು ಆ ಲಟ್ಟಣಿಗೆಯ ಸದ್ದು ಕೇಳುತ್ತಿದ್ದಳು. ಕುಳಿತಲ್ಲೇ ಕೈಗಳು ತೊಡೆಯ ಮೇಲೆ ಸಣ್ಣಗೆ ಬಡಿಯುತ್ತಿದ್ದವು. ಇದು ನಾನು ನೋಡಿದ್ದೋ, ಹೆಂಡತಿ ನೋಡಿ ಹೇಳಿದ್ದೋ, ನೆನಪಿಲ್ಲ. ಒಬ್ಬರಂತೂ ನೋಡಿದ್ದೇವೆ.

ಎರಡೂ ಕಣ್ಣಿಗೆ ಪೊರೆ. ಹತ್ತಿರದ ಕಣ್ಣಿನ ಡಾಕ್ಟರು ಅವಳ ವಯಸ್ಸು ಕೇಳಿ ಕೈ ಮುಗಿದರು. ದೊಡ್ಡ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಎಂದರು. ದೊಡ್ಡ ಆಸ್ಪತ್ರೆ ಎಂದರೆ ವಿಶ್ವವಿದ್ಯಾಲಯದ್ದು. ಅಲ್ಲಿ ದಾವಣಗೆರೆಯ ಡಾಕ್ಟರಮ್ಮ ಒಬ್ಬರಿದ್ದರು. ಕರೆದುಕೊಂಡು ಬನ್ನಿ, ನೋಡೋಣ ಎಂದರು.

“ನಾ ಒಲ್ಲೆ” ಎಂದಳು ಅಜ್ಜಿ. “ಕುರುಡಿ ಆಗಿ ಇಲ್ಲೇ ಸಾಯ್ತೀನಿ. ಕಣ್ಣ ತಗೊಂಡು ಕತ್ತಿ ಆಗಿ ಹುಟ್ಟಿ ಏನ್ ನೋಡ್ಲಿ?”

ಅಯ್ಯನವರು ಶಾಸ್ತ್ರ ಹೇಳಿದರು. ಪಂಚಕ್ರೋಶಿ ಪ್ರದಕ್ಷಿಣೆಯ ಒಳಗಿರುವುದೆಲ್ಲ ಕಾಶಿಯೇ, ಆಸ್ಪತ್ರೆಯೂ ಅದರೊಳಗೇ ಬರುತ್ತದೆ ಎಂದರು. ಅವಳು ಕೇಳಲಿಲ್ಲ. ಅಂದು ಅಂಗೈಗೆ ನೀರು ಕೊಟ್ಟ ಪುರೋಹಿತ ಅಸ್ಸಿ ಎಂದಿದ್ದಾನೆ, ಅಸ್ಸಿಯೇ.

ಆಗ ನಾನು ಮೊದಲ ಸುಳ್ಳು ಹೇಳಿದೆ. ಅಸ್ಸಿಯ ಈಚೆಗೇ ಒಂದು ದವಾಖಾನೆ ಇದೆ, ಡಾಕ್ಟರಮ್ಮ ಅಲ್ಲಿಗೇ ಬರುತ್ತಾರೆ ಎಂದೆ. ಒಂದು ಬೆಳಗ್ಗೆ ಟೋಟೋದಲ್ಲಿ ಕೂರಿಸಿಕೊಂಡು ಹೊರಟೆ. ಟೋಟೋ ಎಂದರೆ ಇಲ್ಲಿಯ ಬ್ಯಾಟರಿ ರಿಕ್ಷಾ. ದಾರಿಯುದ್ದಕ್ಕೂ ಅವಳು ಮುಖವನ್ನು ಗಾಳಿಗೆ ಒಡ್ಡಿ ಕೂತಿದ್ದಳು. ಪುಲಿಯಾ ಬಂತು, ಹೋಯಿತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವಳು ತನ್ನ ಹಿಂದಿಯಲ್ಲಿ ಡ್ರೈವರನನ್ನು ಕೇಳಿದಳು: “ಭಯ್ಯಾ, ಅಸ್ಸಿ ಆಯಾ ಕ್ಯಾ?”

“ಅಸ್ಸಿ ತ ಕಬ್ಬೇ ಪಾರ್ ಹೋ ಗಯಲ್, ಮಾಈ! ಅಬ್ ತ ಲಂಕಾ ಆ ಗಯಲ್” ಎಂದ ಅವನು ಖುಷಿಯಿಂದ. ಅಸ್ಸಿ ಆಗಲೇ ದಾಟಿಯಾಯಿತು, ವಿಶ್ವವಿದ್ಯಾಲಯದ ಗೇಟಿನ ಮುಂದಿನ ಲಂಕಾ ಬಂತು ಎಂದು.

ಅಜ್ಜಿ ನನ್ನ ಕಡೆ ತಿರುಗಿದಳು. “ಕಣ್ಣ ಹೋಗ್ಯಾವ, ತಮ್ಮಾ. ಕಿವಿ ಅದಾವ. ತಿರುಗ್ಸಂತ ಹೇಳು.”

ತಿರುಗಿಸಿದೆ. ಮಠದ ಬಾಗಿಲಲ್ಲಿ ಇಳಿಯುವಾಗ, “ಈಗೇನರ ನಾ ಅಲ್ಲೇ ಸತ್ತು ಕತ್ತಿ ಆಗಿದ್ರ, ನಿನ್ನ ಕ್ವಾಟ್ರಸಿನ ಮುಂದ ಬಂದು ದಿನಾ ಒದರ್ತಿದ್ದೆ” ಎಂದಳು.

ಮೂರು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಅವಳೇ ಹೇಳಿಕಳಿಸಿದಳು. ಲಟ್ಟಣಿಗೆಯ ಸದ್ದಿನ ಎದುರು ಅವಳ ಹಟ ಸಡಿಲವಾಗಿತ್ತು; ಪೂರ್ತಿ ಅಲ್ಲ.

“ನೆಲ ಬಿಡಬ್ಯಾಡ ಅಂದಾನ ಆ ನೀರು ಕೊಟ್ಟಾಂವ. ನೆಲಾನ ಜೋಡಿ ತಗೊಂಡು ಹೋದ್ರ?”

ಮಠದ ಹಿತ್ತಿಲಿನ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋಗುವುದು, ಆಪರೇಷನ್ ಟೇಬಲ್ಲಿನ ಮೇಲೆ ಆ ಮಣ್ಣಿಗೆ ಕಾಲು ತಾಗಿಸಿ ಮಲಗುವುದು. ಜೀವ ಹೋದರೂ ಕಾಶಿಯ ಮಣ್ಣಿನ ಮೇಲೆ ಹೋಗುತ್ತದೆ. ಅಯ್ಯನವರು ಬಹಳ ಹೊತ್ತು ಗಡ್ಡ ನೀವಿಕೊಂಡರು. “ಶಾಸ್ತ್ರದಾಗ ಇಲ್ಲ. ಬ್ಯಾಡ ಅಂತನೂ ಬರ್ದಿಲ್ಲ” ಎಂದರು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮಣ್ಣು ಎಷ್ಟು ಎಂದು ಕೇಳಿದರು. ಆಮೇಲೆ, “ಎರಡು ಪ್ಲಾಸ್ಟಿಕ್ ಕವರಲ್ಲಿ ಸೀಲ್ ಮಾಡಿ ಹಾಸಿಗೆ ಕೆಳಗೆ ಇಡ್ತೀನಿ ಸರ್. ಅಷ್ಟೇ ಆಗೋದು. ಇನ್‌ಫೆಕ್ಷನ್ ಆದ್ರೆ ಕಾಶಿಗೂ ಕೆಟ್ಟ ಹೆಸರು, ನನಗೂ ಕೆಟ್ಟ ಹೆಸರು” ಎಂದರು.

ಚೀಲವನ್ನು ಅಜ್ಜಿ ತಡವಿ ತಡವಿ ತಾನೇ ಹೊಲಿದಳು. ಒಂದು ಹಳೆಯ ಖಣದ ತುಂಡು, ಹಸಿರು, ಕೆಂಪು ಅಂಚು. ಹಿತ್ತಿಲಿನ ಮಣ್ಣಿನಲ್ಲಿ ವರ್ಷಗಳ ಒಲೆಬೂದಿ ಬೆರೆತು ಅದು ಬೂದುಬಣ್ಣಕ್ಕೆ ತಿರುಗಿತ್ತು. ಮುಷ್ಟಿಮುಷ್ಟಿಯಾಗಿ ತಾನೇ ತುಂಬಿದಳು.

ಇಲ್ಲಿಂದ ಮುಂದಿನದನ್ನು ಗೆಳೆಯರ ಮನೆಗಳಲ್ಲಿ ಊಟಕ್ಕೆ ಕೂತಾಗ ನಾನು ಬಹಳ ಸಲ ಹೇಳಿದ್ದೇನೆ. ಎಲ್ಲರೂ ನಗುತ್ತಾರೆ. ಹಾಗೆ ಹೇಳುವಾಗ ಅಜ್ಜಿ ಖಣದ ಚೀಲಕ್ಕೆ ಕಾಲು ತಾಗಿಸಿ ಮಲಗುತ್ತಾಳೆ, ಕಣ್ಣು ಬರುತ್ತದೆ, ಕಥೆ ಮುಗಿಯುತ್ತದೆ. ಅದು ಸುಳ್ಳು. ನಡೆದದ್ದು ಇದು.

ಆಸ್ಪತ್ರೆಯ ಮೆಟ್ಟಿಲ ಬಳಿ ಅವಳನ್ನು ಟೋಟೋದಿಂದ ಇಳಿಸುವಾಗ ನನ್ನ ಎರಡು ಕೈಯೂ ಅವಳ ಮೇಲಿದ್ದವು. ಚೀಲ ನಮ್ಮ ಕಾಲ ಬಳಿ ಇತ್ತು. ಅಲ್ಲೇ ಉಳಿಯಿತು. ಹೆಸರು ಬರೆಸಿ, ರಕ್ತ ಪರೀಕ್ಷೆ ಮಾಡಿಸಿ, ಅವಳನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ ಮೇಲೆ ಅವಳು ಕೇಳಿದಳು.

“ಮಣ್ಣ ಐತಲ್ಲೋ?”

“ಐತಿ” ಎಂದೆ. ಅವಳ ಭಾಷೆಯಲ್ಲೇ ಬಂತು ನನ್ನ ಸುಳ್ಳು.

ಹೊರಗೆ ಓಡಿದೆ. ಲಂಕಾದ ಗೇಟಿನ ಮುಂದೆ ಟೋಟೋಗಳ ಸಂತೆ. ನಮ್ಮದು ಯಾವುದು ಎಂದು ಹೇಗೆ ಗೊತ್ತಾಗಬೇಕು? ಮಠಕ್ಕೆ ಹೋಗಿ ಬರಲು ಆ ಟ್ರಾಫಿಕ್ಕಿನಲ್ಲಿ ಎರಡು ತಾಸು. ಡಾಕ್ಟರಮ್ಮನ ಕಡೆಯವರು ಅವಳ ಹೆಸರು ಕೂಗಿಯಾಗಿತ್ತು. ಈಗ ನಿಲ್ಲಿಸಿ ಎಂದರೆ ಅವಳು ಇನ್ನೊಮ್ಮೆ ಬರುವುದಿಲ್ಲ. ನಿಲ್ಲಿಸದಿದ್ದರೆ, ಟೇಬಲ್ಲಿನ ಮೇಲೆ ಏನಾದರೂ ಆದರೆ, ಅವಳು ಅರವತ್ತು ವರ್ಷ ಕಾಯ್ದುಕೊಂಡದ್ದು ನನ್ನ ಕೈಯಿಂದ ಹೋಗುತ್ತದೆ. ಮೆಟ್ಟಿಲ ಪಕ್ಕದಲ್ಲಿ ಗುಲಾಬಿ ಪಾತಿ ಇತ್ತು. ಚಹಾ ತರಲು ಒಯ್ದಿದ್ದ ಸ್ಟೀಲ್ ಲೋಟದಲ್ಲಿ ಅಲ್ಲಿಯ ಮಣ್ಣು ತೋಡಿ, ಲೋಟ ಇಟ್ಟುಕೊಂಡಿದ್ದ ಮಿಠಾಯಿ ಅಂಗಡಿಯ ಹಳದಿ ಬಟ್ಟೆಚೀಲಕ್ಕೆ ತುಂಬಿದೆ. ಕೈ ಒರೆಸಿಕೊಂಡು ಒಳಗೆ ಹೋದೆ.

ಡಾಕ್ಟರಮ್ಮ ಕೊಟ್ಟ ಮಾತಿನ ಹಾಗೆ ಅದನ್ನು ಸೀಲ್ ಮಾಡಿ, ಕಾಲ ಕಡೆ ಹಾಸಿಗೆಯ ಕೆಳಗಿಟ್ಟರಂತೆ. ಅಜ್ಜಿ ಹಿಮ್ಮಡಿಯಿಂದ ಒತ್ತಿ ನೋಡಿ, “ಹಾಂ, ಈಗ ಮಾಡವ್ವ” ಎಂದಳಂತೆ. ನಾನು ಕಾರಿಡಾರಿನಲ್ಲಿ ನಿಂತಿದ್ದೆ. ಅರ್ಧ ಗಂಟೆಯೋ ಮುಕ್ಕಾಲೋ. ದೇವರಲ್ಲಿ ನಂಬಿಕೆ ಇಲ್ಲದವನು ಆ ಹೊತ್ತು ಏನು ಬೇಡಿಕೊಂಡೆ, ಯಾರನ್ನು ಬೇಡಿಕೊಂಡೆ ಎಂಬುದನ್ನು ಬರೆಯಬಹುದು. ಬರೆದರೆ ಚೆನ್ನಾಗಿಯೂ ಕಾಣುತ್ತದೆ. ನಿಜವಾಗಿ ನೆನಪಿರುವುದು ಉಗುರಿನ ಸಂದಿಯಲ್ಲಿದ್ದ ಮಣ್ಣು ಮಾತ್ರ.

ವಯಸ್ಸಿನ ಕಾರಣಕ್ಕೆ ಅವಳನ್ನು ಆ ದಿನ ಅಲ್ಲೇ ಉಳಿಸಿಕೊಂಡರು. ಮರುದಿನ ಬೆಳಗ್ಗೆ ಡಾಕ್ಟರಮ್ಮ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಅಜ್ಜಿ ಬಹಳ ಹೊತ್ತು ರೆಪ್ಪೆ ಬಡಿದಳು. ಕಿಟಕಿ ನೋಡಿದಳು, ಡಾಕ್ಟರಮ್ಮನ ಬಳೆ ನೋಡಿದಳು, ಆಮೇಲೆ ನನ್ನನ್ನು.

“ಯಪ್ಪಾ! ನೀ ಯಾವಾಗ ಇಷ್ಟ ಮುದುಕ ಆದ್ಯೋ?”

ಎಲ್ಲರೂ ನಕ್ಕೆವು. ನರ್ಸ್ ಒಬ್ಬಳು ಅವಳ ಸಾಮಾನೆಲ್ಲ ತಂದು ಹಾಸಿಗೆಯ ಮೇಲಿಟ್ಟಳು: ಸೀರೆ, ಊರುಗೋಲು, ಹಳದಿ ಚೀಲ.

ಕಣ್ಣು ಬಂದರೆ ಅವಳು ಚೀಲವನ್ನೂ ನೋಡುತ್ತಾಳೆ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಅವಳು ಚೀಲವನ್ನು ಮಡಿಲಿಗೆಳೆದುಕೊಂಡಳು. ಮೇಲಿನ ಮಿಠಾಯಿ ಅಂಗಡಿಯ ಚಿತ್ರದ ಮೇಲೆ ಬೆರಳಾಡಿಸಿದಳು. ಪ್ಲಾಸ್ಟಿಕ್ ಕವರು ಹರಿದು ಒಂದು ಚಿಟಿಕೆ ಮಣ್ಣು ತೆಗೆದು ಕಣ್ಣಿನ ಹತ್ತಿರ ಹಿಡಿದಳು. ಕಂದು ಮಣ್ಣು, ಒಂದು ಬೇರಿನ ಎಳೆ.

“ಇದು ಎಲ್ಲೀದು?”

ನಾನು ಹೇಳಿದೆ. ಟೋಟೋ, ಲೋಟ, ಗುಲಾಬಿ ಪಾತಿ, ಎಲ್ಲ. ಡಾಕ್ಟರಮ್ಮ ಏನೋ ನೆನಪಾದವರ ಹಾಗೆ ಪಕ್ಕದ ಹಾಸಿಗೆಯ ಕಡೆ ಹೋದರು.

“ಹಂಗಾದ್ರ ನಿನ್ನಿ ನಾ ಹೊರಗ ಇದ್ದೆ.”

“ಹೌದು ಅಜ್ಜಿ.”

“ಕಣ್ಣಾಗ ಚಾಕು ಇಟ್ಟಾಗ?”

“ಹೌದು.”

“ಸತ್ತಿದ್ರ?”

ಅವಳು ಚಿಟಿಕೆ ಮಣ್ಣನ್ನು ಚೀಲಕ್ಕೇ ಹಾಕಿ, ಬಾಯಿ ಕಟ್ಟಿ, ನನ್ನ ಕೈಗೆ ಕೊಟ್ಟಳು. “ತಗೋ. ಗುಲಾಬಿಗೆ ಹಾಕಿ ಬಾ. ಗಿಡದ ಬೇರು ಯಾಕ ಬತ್ತಲಿ ಮಾಡ್ದಿ?”

ಬೈದಿದ್ದರೆ ಒಳ್ಳೆಯದಿತ್ತು. ನಾನು ಹೋಗಿ ಹಾಕಿ ಬಂದೆ.

ಎಡಗಣ್ಣಿಗೆ ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಅವಳು ಬರಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ನಾನು ಹೇಗೆ ಮಾಡಲಿ? ಒಂದು ಕಣ್ಣು ಸಾಕು ಎಂದು ಅವಳು ಅಡುಗೆಮನೆಗೆ ಮರಳಿದಳು. ಹೊಸ ಅಡುಗೆಯವನನ್ನು ಮುಂದೆ ಕೂರಿಸಿಕೊಂಡು ರೊಟ್ಟಿ ಬಡಿಯಲು ಕಲಿಸಿದಳು. ಅವನು ಈ ಸೀಮೆಯ ಬಲಿಯಾ ಜಿಲ್ಲೆಯವನು. ಒಂದು ವರ್ಷದಲ್ಲಿ ಅವನ ಹಿಂದಿಯಲ್ಲಿ ‘ತಟ್ಟು’, ‘ತಿರುವು’, ‘ಸುಟ್ಟೀ ಮಂಗ್ಯಾ’ ಎಂಬ ಮಾತುಗಳು ಸೇರಿಕೊಂಡವು. ಭಾನುವಾರದ ಸದ್ದು ಮತ್ತೆ ಗಲ್ಲಿಯ ತಿರುವಿಗೆ ಕೇಳಿಸತೊಡಗಿತು. ಈಗಲೂ ಆ ಬಲಿಯಾ ಕಡೆಯವನೇ ಬಡಿಯುತ್ತಾನೆ. ಆ ತಿರುವಿನಲ್ಲಿ ಈಗಲೂ ನನ್ನ ಹೆಜ್ಜೆ ನಿಧಾನವಾಗುತ್ತದೆ; ಯಾರ ಕೈ ಎಂದು ನನ್ನ ಕಿವಿಗೆ ಗೊತ್ತಾಗುವುದಿಲ್ಲ, ಗೊತ್ತುಮಾಡಿಕೊಳ್ಳಲು ನಾನೂ ಅವಸರ ಮಾಡುವುದಿಲ್ಲ.

ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಮೊದಲಿನ ಹಾಗೇ ಹಂಗಿಸುತ್ತಿದ್ದಳು. ಕೆಲವು ಸಲ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಪೊರೆ ಬಂದ ಎಡಗಣ್ಣಿನಿಂದ ನನ್ನನ್ನು ದಿಟ್ಟಿಸುತ್ತಿದ್ದಳು. “ಈ ಕಣ್ಣಿಗೆ ನೀ ಇನ್ನೂ ಒಳ್ಳೇಂವ ಕಾಣ್ತಿ” ಎನ್ನುತ್ತಿದ್ದಳು. ಪಂಕ್ತಿಯಲ್ಲಿ ಕುಳಿತವರಿಗೆ ಅರ್ಥವಾಗುತ್ತಿರಲಿಲ್ಲ. ನನಗೆ ಬೆಣ್ಣೆ ಮಾತ್ರ ಕಡಿಮೆ ಮಾಡಲಿಲ್ಲ.

ಹೀಗೆ ಇನ್ನೂ ಏಳು ವರ್ಷ ಬದುಕಿದಳು. ಹೆಚ್ಚೂ ಇರಬಹುದು.

ಒಂದು ಮಧ್ಯಾಹ್ನ ತರಗತಿಯಲ್ಲಿದ್ದಾಗ ಅಯ್ಯನವರ ಫೋನ್ ಬಂತು. ನಾನು ಮಠ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹಿಂದಿನ ದಿನದಿಂದ ಅನ್ನ ಬಿಟ್ಟಿದ್ದಳಂತೆ. ಬೆಳಗ್ಗೆ ಮಂಚ ಬೇಡ, ಕೆಳಗಿಳಿಸಿ ಎಂದಳಂತೆ. ಆ ಹೊತ್ತಿಗೆ ಆಪರೇಷನ್ ಆದ ಕಣ್ಣೂ ಮಸುಕಾಗಿತ್ತು. ಸುತ್ತಲಿದ್ದವರು ಹೇಳಿದರಂತೆ: ಅಜ್ಜಿ, ಹೆದರಬ್ಯಾಡ, ಮಠದಾಗ ಅದಿ, ಕಾಶಿಯಾಗ ಅದಿ.

“ಅದಕ್ಕೇನಂದ್ಳು?” ಎಂದು ಕೇಳಿದೆ.

“ಏನೂ ಅನ್ಲಿಲ್ಲ, ಸರ್” ಎಂದರು ಅಯ್ಯನವರು. “ನಮ್ಮ ಮಾತ ಕಿವಿ ಮ್ಯಾಲೆ ಹಾಕ್ಕೊಳ್ಳೇ ಇಲ್ಲ. ಕೈ ಚಾಚಿ ನೆಲ ತಡವಿದ್ಳು. ಒಂದ ಕಲ್ಲು, ಎರಡ ಕಲ್ಲು, ಸಂದಿ, ಒಲಿ ಕಡೆಗಿನ ಗ್ವಾಡಿ. ಭಾಳ ಹೊತ್ತು ತಡವಿದ್ಳು. ಆಮ್ಯಾಲೆ ಕೈ ಹಂಗಽ ಬಿಟ್ಳು.” ಆಮೇಲೆ ನನ್ನನ್ನೇ ಕೇಳಿದರು. “ಇಷ್ಟ ವರ್ಷ ಇಲ್ಲೇ ಇದ್ದಾಕಿ, ನಾವು ಹೇಳಿದ್ರೂ ನಂಬಲಿಲ್ಲಲ್ಲ, ಯಾಕ ಸರ್?”

ಆ ಗುಲಾಬಿ ಪಾತಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.